ಸೋಮವಾರದ ಹಕ್ಕಿ

ಹೊಳೆನರಸೀಪುರ
ತಾ. ೧೮-೩-೨೦೦೪

ಸಂಹಿತಳ ತಂದೆಯವರಿಗೆ, ಚೂಡಾಮಣಿಯ ನಮಸ್ಕಾರಗಳು.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಜಗಳಕ್ಕಲ್ಲ, ವಾಪಸ್ ಬನ್ನಿ ಎನ್ನುವುದಕ್ಕೂ ಅಲ್ಲ. ನೀವು ಕಾಗದ ಪೂರ್ತಿ ಓದುವವರಲ್ಲ. ಮಗಳ ವಿಷಯ, ಇದೊಂದನ್ನು ಓದಿ.

ನಮ್ಮ ಶಾಲೆಯ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿತ್ತು. ಮಕ್ಕಳು ಬಗ್ಗಿ ನೋಡಿದರೆ ಹಕ್ಕಿ ಹಾರಿಹೋಗುತ್ತದಲ್ಲ, ಅದಕ್ಕೆ ಮದುವೆ ವಿಡಿಯೋ ತೆಗೆಯುವ ದೇವರಾಜುವನ್ನು ಕೇಳಿಕೊಂಡೆ. ಊಟದ ಹಾಲ್‌ನಲ್ಲಿ ಕೂತವರಿಗೆ ಧಾರೆ ತೋರಿಸುವ ಹಾಗೆ, ಅವನು ಕ್ಯಾಮೆರಾದಿಂದ ವೈರು ಎಳೆದು ದಿನಕ್ಕೊಂದು ಗಂಟೆ ಗೂಡನ್ನು ಕ್ಲಾಸಿನ ಟಿವಿಯಲ್ಲಿ ತೋರಿಸಿದ. ಗಲಾಟೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನೋಡಿದರು. ಎಲ್ಲ ಕಡೆ ಕಾವು ತಗಲಲೆಂದು ಹಕ್ಕಿ ಮೊಟ್ಟೆಗಳನ್ನು ಹೊರಳಿಸುತ್ತದೆ ಎಂದು ಹೇಳಿಕೊಟ್ಟೆ. ಹಕ್ಕಿ ಎದ್ದು ಹೋಗಿ ಎಷ್ಟು ನಿಮಿಷಕ್ಕೆ ವಾಪಸ್ ಬಂತೆಂದು ಸಂಹಿತಾ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು.

ಐದನೇ ದಿನ ಮೋಡ ಮುಸುಕಿತ್ತು. ದೇವರಾಜು ಮದುವೆಯ ದೊಡ್ಡ ಲೈಟು ಹಾಕಿಬಿಟ್ಟ. ಹಕ್ಕಿ ಹಾರಿತು, ಸಂಜೆಯಾದರೂ ಬರಲಿಲ್ಲ. "ಮದ್ವೇಲಿ ಲೈಟ್ ಆಕ್ದೆ ತೆಗುದ್ರೆ ಬಯ್ತಾರೆ ಮೇಡಂ, ಕೈ ಅಂಗೇ ಓಗ್ಬುಡ್ತು" ಎಂದು ಕಣ್ಣೊರೆಸಿಕೊಂಡ. ಅವನನ್ನು ಬೈಯಲು ಮನಸ್ಸಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮೊಟ್ಟೆಗಳು ತಣ್ಣಗಿದ್ದವು. ಮಕ್ಕಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ದೇವರಾಜು ಮೊದಲೇ ತುಂಬಿಟ್ಟಿದ್ದ ಗೂಡಿನ ಹಳೆಯ ಕ್ಯಾಸೆಟ್ ಹಾಕಿಸಿ, ಹಕ್ಕಿ ಗೂಡಿನಲ್ಲೇ ಇದೆ ನೋಡಿ ಎಂದೆ. ಎರಡು ದಿನ ಎಲ್ಲರೂ ನಂಬಿದರು.

ಮೊನ್ನೆ ಸಂಜೆ ಸಂಹಿತಾ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಆ ದಿನ ಬರೆದ ನಿಮಿಷಗಳೆಲ್ಲ ಹಿಂದಿನ ವಾರದ ಸೋಮವಾರದವೇ.

"ಇದು ಸೋಮವಾರದ ಹಕ್ಕಿ ಅಲ್ವಾಮ್ಮ?"

ಹೌದು ಎಂದೆ. ನೋಟ್‌ಬುಕ್ ಮುಚ್ಚಿ, ಅಪ್ಪ ಟ್ರೈನಿಂಗಿನಿಂದ ಬರುತ್ತಾರೆ ಅನ್ನುವುದೂ ಹೀಗೇನಾ ಎಂದು ಕೇಳಿದಳು.

ನೀವು ದೂರದೂರಿನಲ್ಲಿದ್ದೀರಿ ಎಂದೇ ಹೇಳುತ್ತ ಬಂದಿದ್ದೆ. ಇಲ್ಲೇ ಚನ್ನರಾಯಪಟ್ಟಣದಲ್ಲಿ ಬೇರೆ ಸಂಸಾರ ಹೂಡಿದ್ದೀರಿ ಎನ್ನಲು ಧೈರ್ಯವಿರಲಿಲ್ಲ. ಮೊನ್ನೆ ಹೇಳಿದೆ. ಅವಳು ಅಳಲಿಲ್ಲ, ನನಗೇ ತಡೆಯಲಾಗಲಿಲ್ಲ. ನಿನ್ನೆ ಕ್ಲಾಸಿನಲ್ಲೂ ನಿಜ ಹೇಳಿ, ತಪ್ಪು ನನ್ನದೆಂದು ಒಪ್ಪಿಕೊಂಡೆ.

ಅವಳನ್ನು ಬಂದು ಕಾಣುತ್ತೀರೋ ಇಲ್ಲವೋ, ನೀವೇ ಅವಳಿಗೆ ತಿಳಿಸಿ. ನಿಮ್ಮ ಪರವಾಗಿ ನಾನಿನ್ನು ಮಾತು ಕೊಡಲಾರೆ.

ಇಂತಿ,
ಚೂಡಾಮಣಿ

ತಾ.ಕ.: ತಿಂಗಳಿಗೊಂದು ಕಾಗದವನ್ನು ಅಕ್ಷರ ಬದಲಿಸಿ, ನಿಮ್ಮ ಹೆಸರಿನಲ್ಲಿ ಅವಳಿಗೆ ನಾನೇ ಬರೆಯುತ್ತಿದ್ದೆ. ಅದನ್ನೂ ಹೇಳಿದೆ. ಒಳಗೆ ಹೋಗಿ ಇಪ್ಪತ್ತೆರಡು ಕಾಗದವನ್ನೂ ತಂದು ನನ್ನ ಮಡಿಲಿಗೆ ಹಾಕಿದಳು. "ಮುಂದಿನ ತಿಂಗಳೂ ಬರಿ ಅಮ್ಮ, ನಿನ್ನ ಹೆಸರೇ ಹಾಕು" ಎಂದಳು.