ಮ್ಯಾಕ್‌ಡೊನಾಲ್ಡ್ ತೀರಿಕೊಂಡ ನವೆಂಬರ್

ಸೀಹ್ಯಾಮ್ ಬಂದರು
21 ನವೆಂಬರ್ 1937

ಮುದ್ದಿನ ತಂಗಿ ಮೇಬಲ್‌ಗೆ,

ನಾವಿಬ್ಬರೂ ಕ್ಷೇಮ. ಕೆನಡಾದ ಚಳಿಯಲ್ಲಿ ನೀನು, ಮಕ್ಕಳು ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಬೇಸಿಗೆಯಲ್ಲೇ ಉತ್ತರ ಬರೆಯಬೇಕಿತ್ತು, ಕೈ ಏಳಲಿಲ್ಲ. ಸಿಟ್ಟಾಗಬೇಡ.

ಇಲ್ಲಿ ಸಮುದ್ರದ ಮಂಜು ಬೀದಿಗೆ ಹತ್ತಿ ಕೂತಿದೆ. ಎದುರು ಮನೆಯೂ ಯಾವಾಗಲೋ ನೋಡಿದ ಮನೆಯಂತೆ ಕಾಣುತ್ತದೆ. ಆ ಮಂಜಿನಲ್ಲೇ ಸುದ್ದಿ ಬಂತು: ಹಿಂದಿನ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ನಡುಸಮುದ್ರದಲ್ಲಿ, ಹಡಗಿನಲ್ಲೇ ತೀರಿಕೊಂಡರಂತೆ. ನೀನು ಊರು ಬಿಡುವ ಹಿಂದಿನ ವರ್ಷ ನಮ್ಮಲ್ಲಿ ಓಟು ಕೇಳಲು ಬಂದಿದ್ದರಲ್ಲ, ಆ ದನಿ ತೇಲಿ ಬಂದಂತಾಯಿತು. ಅದನ್ನು ಕೇಳುತ್ತಿದ್ದರೆ ಗಣಿಯ ಮಸಿಯೆಲ್ಲ ತೊಳೆದುಹೋಗಿ ಊರೇ ಬೆಳ್ಳಗಾದಂತೆ ಅನಿಸುತ್ತಿತ್ತು.

ಹೋದ ಭಾನುವಾರ ನಿನ್ನ ಭಾವನ ಗಣಿಯ ಗೆಳೆಯ ಇನಾಕ್ ಚಹಾಕ್ಕೆ ಬಂದಿದ್ದ. ಬಡವರ ಮನೆಯಲ್ಲಿ ಹುಟ್ಟಿ ಪ್ರಧಾನಿಯಾದವರು, ಯುದ್ಧ ಬೇಡವೆಂದದ್ದಕ್ಕೆ ಊರೆಲ್ಲ ಬೈದರೂ ಬಗ್ಗದವರು ಎಂದು ಹೊಗಳಿದ. ಮೂವತ್ತೊಂದನೇ ಇಸವಿಯಲ್ಲಿ ಸ್ವಂತ ಕಾರ್ಮಿಕ ಪಕ್ಷವನ್ನು ಬಿಟ್ಟು ಎದುರಾಳಿಗಳ ಜೊತೆ ಸರ್ಕಾರ ಕಟ್ಟಿದ್ದೂ, ಕೆಲಸವಿಲ್ಲದವರ ಭತ್ಯೆ ಕಡಿತ ಮಾಡಿದ್ದೂ ತಪ್ಪಲ್ಲವಂತೆ.

"ಬೊಕ್ಕಸ ಬರಿದಾಗಿತ್ತು ಮ್ಯಾಥ್ಯೂ. ದೇಶ ಉಳಿಸ್ಬೇಕಿತ್ತು. ಬೇರೆ ದಾರಿ ಎಲ್ಲಿತ್ತು?"

ನಿನ್ನ ಭಾವ ಬೆಂಕಿ ಕೆದಕುತ್ತಾ ಹೇಳಿದರು.

"ಕೆಟ್ಟವನಲ್ಲ ಕಣೋ. ಎದೆಗಾರಿಕೆ ಇತ್ತು. ಕನಸು ಕಾಣ್ತಿದ್ದ, ನಮಗೂ ಕಾಣಿಸ್ದ. ಆದ್ರೆ ಅವನು ಉಳಿಸಿದ ದೇಶದೊಳಗೆ ನಮ್ಮನೆ ಇತ್ತಾ ಇಲ್ವಾ, ಅದೊಂದು ಹೇಳು."

ಇನಾಕ್ ಚಹಾ ಮುಗಿಸಿ ಎದ್ದ. ಅವನು ಹೋದ ಮೇಲೆ ನಾವು ದಂಡೆಗೆ ನಡೆದೆವು. ಎಲ್ಲಿ ನೀರು, ಎಲ್ಲಿ ಆಕಾಶ ತಿಳಿಯುತ್ತಿರಲಿಲ್ಲ. ಅಂಥ ಪ್ರಶ್ನೆ ಕೇಳಿದ ನಿನ್ನ ಭಾವನೇ ಟೋಪಿ ತೆಗೆದು, ಕಾಣದ ಕಡಲಿಗೆ ತಲೆ ಬಾಗಿಸಿ ನಿಂತರು. ನಾನು ಅವರ ತೋಳು ಹಿಡಿದುಕೊಂಡೆ.

ನಿನ್ನ ಒಲೆ ಆರದಿರಲಿ. ಮಕ್ಕಳು ನಿನ್ನ ಕಣ್ಣೆದುರೇ ಬೆಳೆಯಲಿ.

ನಿನ್ನ ಅಕ್ಕ,
ಹಿಲ್ಡಾ

ಇನ್ನೊಂದು ಮಾತು. ನಮ್ಮ ವಿನಿ ಹೇಗಿದ್ದಾಳೆಂದು ನೀನು ಕೇಳಿದ್ದೆ. ಮೂವತ್ತೊಂದರಲ್ಲಿ ಮ್ಯಾಕ್‌ಡೊನಾಲ್ಡರ ಸರ್ಕಾರ ತಂದ ಕಾನೂನು ನಿನಗೆ ಗೊತ್ತಿಲ್ಲ. ಮನೆಯಲ್ಲಿದ್ದು ಮಗಳು ದುಡಿದರೆ, ಅಷ್ಟನ್ನು ಮುರಿದುಕೊಂಡೇ ಕೆಲಸವಿಲ್ಲದ ಅಪ್ಪನ ಭತ್ಯೆ ಕೊಡುತ್ತಿದ್ದರು. ಅದಕ್ಕೆಂದೇ ಹುಡುಗಿ ಹದಿನೇಳಕ್ಕೆ ಗಂಟು ಕಟ್ಟಿಕೊಂಡು ಲಂಡನ್ನಿಗೆ ಮನೆಗೆಲಸಕ್ಕೆ ಹೋದಳು. ಈ ಆಗಸ್ಟಿನಲ್ಲಿ, ಇಷ್ಟು ವರ್ಷಗಳ ಮೇಲೆ, ಬಂದಿದ್ದಳು. ಬಾಗಿಲು ತೆರೆದೇ ಇತ್ತು, ಮೇಬಲ್. ಆದರೂ ತಟ್ಟಿದಳು. ನಾನು ಒಳಗೆ ಬಾ ಅನ್ನುವವರೆಗೆ ಹೊರಗೇ ನಿಂತಿದ್ದಳು.