ನದಿಯ ಬೇಲಿ ಕೀಳಿಸಿದ ಮಗನಿಗೆ

ಲುಸಿಟು, ಜಾಂಬೆಜಿ ದಡ
ಆಗಸ್ಟ್ ೨೧, ೨೦೧೯

ನನ್ನ ಹೊಟ್ಟೆಯಲ್ಲಿ ಹುಟ್ಟಿ, ಈಗ ನನಗೇ ಪಾಸ್ಟರ್ ಆಗಿರುವ ಲ್ವೀಂಡೊನಿಗೆ,

ಹೇಗಿದ್ದೀಯಪ್ಪಾ? ಚೋಮಾದ ಚಳಿ ಇಳಿಯಿತೇ? ನಿನ್ನ ಬೈಬಲ್ ಶಾಲೆಯಲ್ಲಿ ಹೊಟ್ಟೆ ತುಂಬ ನ್ಶಿಮಾ ಮುದ್ದೆ ಬಡಿಸುತ್ತಾರೆಯೇ? ಬರೆಯುವುದು ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಬರೆದು ಬರೆದು ಹರಿದುಹಾಕುತ್ತಿದ್ದೆ. ಮುಪ್ಪಿಗೆ ಎಂದುಕೊಂಡೀಯೆ, ಸಿಟ್ಟಿಗೆ! ಫೋನಿನಲ್ಲಿ ನಿನ್ನ ತಂಗಿ ಮಿಜಿಂಗಾಗೆ ಮೊಸಳೆ ಕಚ್ಚಿತು, ಬದುಕಿದ್ದಾಳೆ ಎಂದಷ್ಟೇ ಹೇಳಿದ್ದೆ. ನೀನು ಕೂಡಲೇ "ಸ್ತೋತ್ರ ಅವ್ವಾ, ಪ್ರಾರ್ಥನೆ ಮಾಡೋಣ" ಎಂದು ಶುರುಮಾಡಿದೆ. ಪತ್ರದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ಈಗ ಕೇಳು. ಕೂತು ಕೇಳು!

ಈಸ್ಟರ್‌ಗೆ ಬಂದು ನಿಂತದ್ದು ನೆನಪಿದೆಯೇ? ಹೊಸ ಕೋಟು, ಹೊಳೆಯುವ ಬೂಟು. ನದಿಯ ಕಡೆ ಕೈ ಚಾಚಿ ಗುಡುಗಿದೆ: "ದೇವರೇ ನಮ್ಮ ಬೇಲಿ! ನಂಬಿಕೆ ತುಂಬಿದೋಳ ಮುಂದೆ ಮೊಸಳೆ ಬಾಯಿ ತೆಗೆಯುತ್ತಾ? ಕಟ್ಟಿಗೆ ಹಿಂದೆ ಅಡಗೋರಿಗೆ ದೇವರು ಯಾಕೆ ಬೇಕು?" ಆಹಾ, ಏನು ಕಂಠ! ಅದು ನನ್ನದೇ ಕಂಠ, ಬೇರೆ ಯಾರಿಂದ ಬರಬೇಕು? ಊರಿಗೆ ಊರೇ ಹುಚ್ಚೆದ್ದಿತು. ನೀರು ಮೊಗೆಯುವ ಜಾಗದ ಸುತ್ತ ನಿನ್ನ ಅಜ್ಜಿಯ ಕಾಲದಿಂದ ಮನೆಮನೆಯವರೂ ಮೊಪಾನೆ ಮರದ ಕಂಬ ತಂದು ನೆಟ್ಟ ಬೇಲಿ ಅದು. ಒಂದೇ ಮಧ್ಯಾಹ್ನದಲ್ಲಿ ಕಿತ್ತರು! ಕಿತ್ತು ಚರ್ಚಿಗೆ ಬೆಂಚು ಮಾಡಿದರು. ಬೇಡ ಎಂದವಳು ನಾನೊಬ್ಬಳೇ. ಸಭೆಯ ಹಿರಿಯ ಸಿಯಾಕನೇಡೆ ನಿನ್ನ ತಾಯಿ ಎಂಬ ಹೆಸರಿನಿಂದಲೇ ನನ್ನನ್ನು ಕರೆದು ಹಲ್ಲು ಕಿಸಿದ: "ಏನ್ ಬಿನಾ ಲ್ವೀಂಡೊ, ಪಾಸ್ಟರನ್ನ ಹೆತ್ತೋಳಿಗೇ ನಂಬಿಕೆ ಇಲ್ವಾ?" ಎಲ್ಲರೂ ನಕ್ಕರು.

ಜುಲೈನ ಒಂದು ಬೆಳಿಗ್ಗೆ ಮಿಜಿಂಗಾ ಬಕೆಟ್ ಅದ್ದಿದಳು. ನಾನು ಹಿಂದೆಯೇ ಪಾತ್ರೆ ಉಜ್ಜುತ್ತಿದ್ದೆ. ನೀರು ಎದ್ದು ನಿಂತಿತು! ಅವಳು ಕೂಗಲಿಲ್ಲ, ನನ್ನನ್ನು ನೋಡಿದಳು, ಅಷ್ಟೆ. ಎಡಗೈ ಮೊಣಕೈವರೆಗೆ ಅದರ ಬಾಯಲ್ಲಿತ್ತು. ಆಗ ನಾನು ದೇವರನ್ನು ಕರೆದೆ ಮಗನೇ, ನಿನ್ನ ಶಾಲೆಯಲ್ಲಿ ಯಾರೂ ಹಾಗೆ ಕರೆದಿರಲಾರರು. "ಲೆಜಾ! ಎಲ್ಲಿದ್ದೀ? ಇಳಿ ಕೆಳಕ್ಕೆ! ಸುಮ್ನೆ ಕೂತು ನೋಡ್ತೀಯಾ?" ಎಂದು ಅರಚಿದೆ. ಅರಚುತ್ತಲೇ ನೀರಿಗೆ ಬಿದ್ದು ಅದರ ಕಣ್ಣಿಗೆ ಹೆಬ್ಬೆರಳು ತುರುಕಿದೆ. ಹಿಟ್ಟಿನ ಚೀಲ ಎತ್ತಲಾರದ ಹೆಂಗಸು ನಾನು. ಆ ಬಲ ನನ್ನದಲ್ಲ, ಕೊಟ್ಟವನು ಕೊಟ್ಟ. ಮೊಸಳೆ ಬಾಯಿ ಬಿಟ್ಟಿತು. ಆದರೆ ಮೊಣಕೈಯಿಂದ ಕೆಳಗೆ ಮಿಷನ್ ಆಸ್ಪತ್ರೆಯವರಿಗೆ ಏನನ್ನೂ ಉಳಿಸಲಾಗಲಿಲ್ಲ. ಇದನ್ನು ಫೋನಿನಲ್ಲಿ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ.

ಸಿಯಾಕನೇಡೆ ಕೋಳಿ ಹಿಡಿದುಕೊಂಡು ನೋಡಲು ಬಂದ. "ಬರೀ ಕೈ ತಾನೇ ಹೋಗಿದ್ದು? ದೇವರ ಕೃಪೆ. ಹುಡುಗಿ ಮನಸ್ಸಲ್ಲಿ ಏನೋ ಸಂಶಯ ಇದ್ದಿರ್ಬೇಕು, ವಿಚಾರಿಸು ತಾಯಿ."

"ಬರೀ ಕೈಯಾ? ನಿನ್ನದೊಂದು ಕೊಡು, ನೋಡೋಣ! ಕೋಳಿ ಇಟ್ಟು ಹೋಗು. ಬಾಯಿ ತಗೊಂಡ್ ಹೋಗು!"

ಭಾನುವಾರ ಚರ್ಚಿಗೆ ಹೋದೆ. ಸಿಯಾಕನೇಡೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ. ಅವನು ಕೂತಿದ್ದ ಬೆಂಚಿನ ತುದಿ ಹಿಡಿದು ಎತ್ತಿದೆ. ಹಿರಿಯರು ಉರುಳಿದರು!

"ಅಯ್ಯೋ, ಇದೇನಮ್ಮಾ! ದೇವರ ಮನೆ ಇದು!"

"ಹೌದು, ದೇವರ ಮನೆ. ಅವನನ್ನ ಕೇಳೇ ನಮ್ಮ ಬೇಲಿ ಒಯ್ತಿದೀನಿ. ನಿಂಗೆ ಅಷ್ಟು ನಂಬಿಕೆ ಇದ್ರೆ ಬಾ, ಬೇಲಿ ಇಲ್ಲದ ನೀರಲ್ಲಿ ಮುಖ ತೊಳಿ!"

ಮೊದಲು ಎದ್ದವಳು ಅವನ ಹೆಂಡತಿ. ತಾನು ಕೂತಿದ್ದ ಬೆಂಚನ್ನು ತಾನೇ ಹೆಗಲಿಗೇರಿಸಿ, "ನೀರು ತರೋಳು ನಾನು, ಇವರಲ್ಲ" ಎಂದಳು. ಆಮೇಲೆ ಹೆಂಗಸರೆಲ್ಲ ಎದ್ದರು. ದಡದಲ್ಲಿ ಬೆಂಚುಗಳನ್ನು ಬಿಚ್ಚಿದೆವು. ಗಂಡಸರು ಈಟಿ ಹಿಡಿದು ಕಾವಲು ನಿಂತರು. ಸೊಂಟದ ನೀರಲ್ಲಿ ನಿಂತು, ಸ್ತೋತ್ರ ಹಾಡುತ್ತ, ಪಲ್ಲವಿಗೊಂದು ಏಟು ಹಾಕಿ ಕಂಬ ಇಳಿಸಿದೆವು. ಅಂಥ ಆರಾಧನೆ ಆ ಚರ್ಚಿನಲ್ಲಿ ಈವರೆಗೆ ನಡೆದಿಲ್ಲ! ಈಗ ಸಭೆ ನೆಲದ ಮೇಲೆ ಕೂರುತ್ತದೆ. ದೇವರೇನೂ ದೂರು ಹೇಳಿಲ್ಲ.

ನಿನ್ನ ತಾಯಿ ದೇವರನ್ನು ಬಿಟ್ಟಳು ಎಂದು ಯಾರಾದರೂ ಹೇಳಿದರೆ ನಂಬಬೇಡ. ಅವನಿಗೆ ಜೋತುಬಿದ್ದೇ ಇದ್ದೇನೆ. ಬೆಳಿಗ್ಗೆ ಬಕೆಟ್ ಎತ್ತುವಾಗ ಜಗಳವಾಡುತ್ತೇನೆ, ಸಂಜೆ ಬೇಡಿಕೊಳ್ಳುತ್ತೇನೆ. ಕಾಪಾಡು ಎಂದವರಿಗೆ ಅವನು ಮೊಪಾನೆ ಕಾಡನ್ನೇ ಕೊಟ್ಟಿದ್ದ. ಅವನು ಕೊಟ್ಟದ್ದನ್ನು ಅವನ ಹೆಸರು ಹೇಳಿಯೇ ಕೀಳಿಸಿದವನು ನೀನು!

ಅವನೇ ನಿನ್ನನ್ನು ಕಾಯಲಿ. ನಿನ್ನ ಗಂಟಲಿಗೆ ಬಲ ಕೊಡುವ ಮೊದಲು ತಲೆಗೆ ಬುದ್ಧಿ ಕೊಡಲಿ. ಒಣ ಕಪೆಂಟಾ ಮೀನು ಕಳಿಸಿದ್ದೇನೆ, ಜೊತೆಯವರಿಗೂ ಹಂಚು. ನೂರು ಕಾಲ ಬಾಳು.

ನಿನ್ನನ್ನು ಹೆತ್ತವಳು,
ಬಿನಾ ಲ್ವೀಂಡೊ

ವಿ.ಸೂ.: ಮೇಲಿನದೆಲ್ಲ ನನ್ನ ಸಿಟ್ಟು, ಎಂದಾದರೂ ಆರೀತು. ಮಿಜಿಂಗಾಗೆ ಸಿಟ್ಟೇ ಇಲ್ಲ. ನಿನ್ನ ಮೇಲಿಲ್ಲ, ಮೊಸಳೆಯ ಮೇಲೂ ಇಲ್ಲ. ನಿನ್ನೆ ಗಾಯದ ಪಟ್ಟಿ ಬದಲಿಸುವಾಗ ಮತ್ತೆ ಕೇಳಿದಳು: "ಅವ್ವಾ, ಅಣ್ಣ ಹೇಳಿದ್ದನ್ನ ನಾನು ಪೂರ್ತಿ ನಂಬಿದೀನಿ ಅಂದ್ಕೊಂಡಿದ್ದೆ. ಎಲ್ಲಿ ಕಮ್ಮಿ ಆಯ್ತು?" ಏನೂ ಕಮ್ಮಿಯಾಗಿಲ್ಲ ಕಂದಾ ಎಂದರೆ, ಮುಖ ಗೋಡೆಗೆ ತಿರುಗಿಸುತ್ತಾಳೆ. ನಾನು ಪಾಸ್ಟರ್ ಅಲ್ಲವಲ್ಲ. ಆ ಮಾತು ನಿನ್ನ ಬಾಯಿಂದಲೇ ಬರಬೇಕು. ಬಸ್ಸು ಹತ್ತು.