ಕೊಸರು ಹಾಕುವ ಕೈ

ಸೋಮವಾರ, ೩
ಬೆಳಿಗ್ಗೆಯಿಂದ ಮಾರುಕಟ್ಟೆಯ ತಕ್ಕಡಿಗಳಿಗೆ ವರ್ಷದ ಮುದ್ರೆ ಒತ್ತಿದ್ದೇ ಆಯಿತು. ಬೆರಳೆಲ್ಲ ತುಕ್ಕು. ಮಧ್ಯಾಹ್ನ ಸಾಹೇಬರು ಕರೆದರು. ಆಳುವ ಪಕ್ಷದ ಪ್ರಚಾರದ ಉಸ್ತುವಾರಿ ಅಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.
"ಎದುರು ಪಕ್ಷದ ಬಾವುಟ ಕಟ್ಟಿರೋ ತರಕಾರಿ ಅಂಗಡಿ ಚೆಕ್ ಮಾಡಿ. ತೂಕದಲ್ಲಿ ಮೋಸ ಸಿಗುತ್ತೆ," ಎಂದರು ಸಾಹೇಬರು.
"ಸಿಗದಿದ್ರೆ, ಸರ್?"
"ಸಿಗುತ್ತೆ. ನಿಮಗೂ ಕೆಲಸ ಬೇಕಲ್ವಾ?"
ಇದು ಬೆದರಿಕೆ ಅಲ್ಲವಂತೆ, ಸಲಹೆಯಂತೆ. ಅಳಿಯ ಅಲ್ಲ, ಮಗಳ ಗಂಡ! ಆ ಅಂಗಡಿ ನನ್ನ ಅತ್ತೆಯದು. ಗೊತ್ತಿದ್ದೇ ನನ್ನನ್ನು ಕಳಿಸುತ್ತಿದ್ದಾರೆ.

ಮಂಗಳವಾರ, ೪
ಹೆಂಡತಿಗೆ ಹೇಳಿಬಿಟ್ಟೆ. ಅವಳ ಬಾಯಲ್ಲಿ ಏನೂ ನಿಲ್ಲದು — ಅಮ್ಮನ ಹತ್ತಿರವಂತೂ. ಬಾವುಟ ಬಿಚ್ಚಲು ಹೇಳು ಎಂದೆ. "ನಮ್ಮಮ್ಮ ಬಿಚ್ತಾಳಾ? ನೀವೇ ಹೇಳಿ ನೋಡಿ." ನನಗೆಲ್ಲಿಯ ಧೈರ್ಯ...

ಶುಕ್ರವಾರ, ೭
ಹೋದೆ. ವಿಡಿಯೊ ಮಾಡಲೆಂದು ಉಸ್ತುವಾರಿಯೂ ಬಂದ. ಅವನು ರಸ್ತೆಯಲ್ಲಿ ಫೋನಿನಲ್ಲಿದ್ದಾಗ ಖಾಲಿ ತಕ್ಕಡಿ ಎತ್ತಿದೆ — ಒಂದು ಕಡೆ ವಾಲಿತು! ತೂಗಿದ ಮೇಲೂ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸದ ಹೆಂಗಸು. ತಟ್ಟೆ ತಿರುಗಿಸಿದರೆ ಅಡಿಯಲ್ಲಿ ಮೇಣದ ಉಂಡೆ.
"ನಾನೇ ಅಂಟಿಸ್ದೆ," ಅತ್ತೆ ಪಿಸುಗುಟ್ಟಿದರು. "ಮಗಳು ಎಲ್ಲಾ ಹೇಳಿದ್ಲು. ನೀವು ಸುಳ್ಳು ಬರೀಬಾರ್ದು, ಕೆಲಸಾನೂ ಹೋಗ್ಬಾರ್ದು. ಬರ್ಕೊಳ್ಳಿ."
ಅಂಟಿಸಿದ್ದು ತೂಕದ ಕಲ್ಲಿಡುವ ತಟ್ಟೆಗೆ. ಅಂದರೆ ಗಿರಾಕಿಗೇ ಹೆಚ್ಚು ಹೋಗುತ್ತದೆ!
"ಅತ್ತೇ, ಮೋಸ ಮಾಡೋರು ತರಕಾರಿ ತಟ್ಟೆಗೆ ಅಂಟಿಸ್ತಾರೆ."
"ಗೊತ್ತು. ಕೈ ಬರ್ಲಿಲ್ಲ."
ನಗು ಬಂತು, ಕಣ್ಣೂ ತುಂಬಿತು. ನನಗಾಗಿ ಕಳ್ಳಿ ಅನ್ನಿಸಿಕೊಳ್ಳಲು ಹೊರಟವರು. ಮೇಣ ಕಿತ್ತೆ. ಮುಳ್ಳು ನೆಟ್ಟಗೆ ನಿಂತಿತು. "ಬನ್ನಿ ಸಾರ್, ಈಗ ವಿಡಿಯೊ ಮಾಡಿ" ಎಂದು ಕರೆದು, ಮೊಬೈಲಿನ ಎದುರೇ ಮುದ್ರೆ ಒತ್ತಿದೆ. ತೂಕ ಸರಿಯಿದೆ.
"ನೋಡ್ಕೋತೀವಿ" ಎಂದು ಹೋದ.

ಸೋಮವಾರ, ೧೦. ಬೆಳಿಗ್ಗೆ
ಹನ್ನೊಂದಕ್ಕೆ ಸಾಹೇಬರ ಮುಂದೆ ಹಾಜರಾಗಬೇಕು. ಹೆಂಡತಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಅತ್ತೆ ಬಂದಿದ್ದಾರೆ, ಬಾವುಟ ಬಿಚ್ಚಿ ಮಡಚಿಕೊಂಡು. "ನಿಮಗಿಂತ ಹೆಚ್ಚಾ ಇದು? ಅವರಿಗೆ ಕೊಟ್ಟುಬಿಡಿ."
ಈ ಕೈಗಳು ಸೋತದ್ದನ್ನು ನಾನು ನೋಡಿಯೇ ಇರಲಿಲ್ಲ. ಸಹಿಸಲಾಗಲಿಲ್ಲ. ನಾನು ಯಾರಿಗೆ ಓಟು ಹಾಕುತ್ತೇನೆ ಅನ್ನುವುದು ಬೇರೆ ಮಾತು. ಸರ್ಕಾರಿ ನೌಕರ ಬಾವುಟ ಕಟ್ಟುವಂತಿಲ್ಲ, ನಿಜ. ಅತ್ತೆ ಹತ್ತುವ ಏಣಿ ಹಿಡಿದುಕೊಳ್ಳಬಾರದೆಂದು ಯಾವ ರೂಲ್ಸಿನಲ್ಲೂ ಇಲ್ಲ.
"ನಡೀರಿ, ನೀವೇ ಕಟ್ಟಿ. ನಾನು ಏಣಿ ಹಿಡ್ಕೋತೀನಿ" ಎಂದೆ.
ಹೆಂಡತಿ ಇಸ್ತ್ರಿ ಬಿಟ್ಟು ಏಣಿ ತರಲು ಓಡಿದ್ದಾಳೆ. ಅತ್ತೆ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದರು. ಹನ್ನೊಂದಕ್ಕೆ ಇನ್ನೂ ಹೊತ್ತಿದೆ, ಅತ್ತೆ ಬಾಗಿಲಿಂದ ಕರೆಯುತ್ತಿದ್ದಾರೆ —